ಎರಡು ಸುತ್ತಿಗೊಮ್ಮೆ

ಅತೀಕಾ ಚಿಮಟದಿಂದ ಒಂದೊಂದೇ ಉಕ್ಕಿನ ಗುಂಡನ್ನು ಸೀಮೆಎಣ್ಣೆಯ ಬಟ್ಟಲಿನಿಂದ ಎತ್ತಿ, ಬಿಳಿ ಬಟ್ಟೆಯ ಮೇಲೆ ಉರುಳಿಸಿ, ಮರದ ಹಲಗೆಯ ಗುಳಿಗಳಲ್ಲಿ ಕೂರಿಸುತ್ತಿದ್ದಳು. ಕಡಲೆಕಾಳಿನಷ್ಟು ದಪ್ಪದ ಗುಂಡುಗಳು, ಜೋಡಣೆಗೆ ಹಾಕಿ ಮಿಕ್ಕವು. ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆವರು ತಗುಲಿದರೆ ತುಕ್ಕಿನ ಚುಕ್ಕೆ ಏಳುತ್ತದೆ. ಗಾಳಿಗೆ ಗೇಜಿನ ಮುಳ್ಳು ಅಲುಗೀತೆಂದು ಶೆಡ್ಡಿನ ಫ್ಯಾನನ್ನು ಆರಿಸಿದ್ದರು. ಆಚೆ ಕಲ್ಲಿನ ಮೇಜಿನ ಸುತ್ತ ಮೂವರು ಗಂಡಸರು ಬಗ್ಗಿ, ಓಲಾಟ ತೋರಿಸುವ ಡಯಲ್ ಗೇಜನ್ನೇ ನೋಡುತ್ತಿದ್ದರು.

"ಮೂರು ಗೆರೆ," ಎಂದ ದೇವರಾಜ್. ಲೇತ್ ನಡೆಸುವವನು ಅವನೇ, ಜೋಡಿಸುವವನೂ ಅವನೇ.

"ಈಗ ತಾನೇ ಸೊನ್ನೆ ಇತ್ತಲ್ಲೋ," ಎಂದ ಶೆಡ್ಡಿನ ಮಾಲೀಕ ಹರಿಪ್ರಸಾದ್.

"ಇತ್ತು ಸರ್. ಈಗಿಲ್ಲ. ಇದಕ್ಕೆ ಏನೋ ಮೆಟ್ಕೊಂಡೈತೆ. ಒಂದು ನಿಂಬೆಹಣ್ಣು ಇಳಿಸಿ ನೋಡಣ."

ಮೂರ್ತಪ್ಪ ನಗಲಿಲ್ಲ. ನೋಟ್‌ಬುಕ್ಕಿನಲ್ಲಿ ಗಂಟೆ ಬರೆದು ಅದರ ಮುಂದೆ 'ಲಾರಿ' ಎಂದು ಬರೆದರು. ಎರಡು ಸಾಲು ಮೇಲೆ 'ವಿಮಾನ' ಎಂದಿತ್ತು. ಸೋಗಾನೆಗೆ ಇಳಿಯುವ ವಿಮಾನದ ಸದ್ದಿಗೆ ಮುಳ್ಳು ಸರಿಯುತ್ತಿದೆಯೋ ಎಂದು ಅವರು ಎರಡು ದಿನ ಕಾದಿದ್ದರು. ವಿಮಾನ ಬಂದಾಗ ಒಮ್ಮೆ ಸೊನ್ನೆ, ಒಮ್ಮೆ ಮೂರು ಗೆರೆ. ಬಾರದಿದ್ದಾಗಲೂ ಹಾಗೆಯೇ.

ರಾಗಿಗುಡ್ಡದ ಬದಿಯ ಆ ಶೆಡ್ಡಿನಲ್ಲಿ ಬೇರೆ ದಿನಗಳಲ್ಲಿ ಪಂಪಿನ ಬುಶ್ಶು, ಟ್ರ್ಯಾಕ್ಟರಿನ ಪಿನ್ನು ತಯಾರಾಗುತ್ತಿದ್ದವು. ಈ ತಿರುಗುವ ಮೇಜು ಮಾತ್ರ ಮೂರ್ತಪ್ಪನವರದು. ಭದ್ರಾವತಿಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಮೇಲೆ ಅವರು ಇದರ ನಕ್ಷೆಯನ್ನು ಕೈಯಲ್ಲೇ ಬರೆದಿದ್ದರು. ಕೆಳಗೊಂದು ಉಕ್ಕಿನ ತಟ್ಟೆ, ಮೇಲೊಂದು. ನಡುವೆ ಮೂವತ್ತಾರು ತೂತಿನ ಹಿತ್ತಾಳೆಯ ಕೇಜು, ತೂತಿಗೊಂದು ಗುಂಡು. ಮೇಲಿನ ತಟ್ಟೆಯನ್ನು ಎಷ್ಟು ಡಿಗ್ರಿಗೆ ಬೇಕಾದರೂ ತಿರುಗಿಸಿ ನಿಲ್ಲಿಸಬಹುದು. ಆದರೆ ತಿರುಗುವಾಗ ಅದು ಕೂದಲೆಳೆಯ ಐವತ್ತರಲ್ಲೊಂದು ಪಾಲೂ, ಗೇಜಿನ ಒಂದು ಗೆರೆಯಷ್ಟೂ, ಓಲಬಾರದು. ಅದರ ಮೇಲೆ ಕನ್ನಡಿ ಕೂರಿಸಿ ಕೋನ ಅಳೆಯುವ ಮೈಸೂರಿನ ಕಂಪನಿಯವರು ಶುಕ್ರವಾರ ನೋಡಲು ಬರುವವರಿದ್ದರು. ಅಂದು ಬುಧವಾರ.

"ಬಾಲಲ್ಲೇ ಏನಾದ್ರೂ ಹೆಚ್ಚುಕಮ್ಮಿ..." ಹರಿಪ್ರಸಾದ್ ಗುಂಡುಗಳ ಹಲಗೆಯತ್ತ ನೋಡಿ ರಾಗ ಎಳೆದ.

"ಬಾಲಿನ ಮಾತು ಬಿಡು. ಅದು ಅತೀಕಾ ಅಳೆದಿದ್ದು," ಎಂದರು ಮೂರ್ತಪ್ಪ, ತಲೆ ಎತ್ತದೆ.

ಅತೀಕಾಳ ಚಿಮಟ ಬಟ್ಟಲಿನ ಅಂಚಿಗೆ ತಗುಲಿ ಸಣ್ಣಗೆ ಸದ್ದಾಯಿತು.

ಅವಳು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಟೀಚರು ಹೆಸರು ಕರೆದರೆ ಗೊತ್ತಿದ್ದ ಉತ್ತರವೂ ಗಂಟಲಲ್ಲೇ ನಿಲ್ಲುತ್ತಿತ್ತು. ಅಬ್ಬಾ ಪೀರ್ ಬಾಷಾ ಅವಳನ್ನು ಈ ಶೆಡ್ಡಿಗೆ ಕರೆತಂದದ್ದು ಕಸ ಗುಡಿಸುವ, ಎಣ್ಣೆ ಒರೆಸುವ ಕೆಲಸಕ್ಕೆ. ಒಂದು ವಾರ ಅವಳು ಒರೆಸುವುದನ್ನು ನೋಡಿದ ಮೂರ್ತಪ್ಪ ಅಳೆಯುವ ಗೇಜಿನ ಮುಂದೆ ಕೂರಿಸಿದರು. ಅವಳ ತಲೆಗೂದಲನ್ನೇ ಒಂದೆಳೆ ಕೇಳಿ ಅಳೆದು, ಮೈಕ್ರಾನ್ ಎಂದರೆ ಏನೆಂದು ತೋರಿಸಿದರು. ಇನ್ನೊಂದು ದಿನ ಮೇಜಿನ ಮೇಲೆ ಪೆನ್ಸಿಲ್ ಅಡ್ಡ ಇಟ್ಟು, ಅದರ ಮೇಲೆ ಸ್ಕೇಲ್ ಇಟ್ಟು ತಳ್ಳಲು ಹೇಳಿದರು. "ಸ್ಕೇಲು ಹತ್ತಿಂಚು ಹೋದ್ರೆ ಪೆನ್ಸಿಲ್ ಎಷ್ಟು ಹೋಯ್ತು ನೋಡು. ಐದೇ. ಕೆಳಗೆ ಉರುಳೋದು ಯಾವತ್ತೂ ಅರ್ಧನೇ ಹೋಗೋದು, ಮಗಾ. ನೆನಪಿಟ್ಕೋ."

ಅವಳು ನೆನಪಿಟ್ಟುಕೊಂಡಿದ್ದಳು. ಎಂಟು ದಿನದ ಹಿಂದೆ ನಡೆದದ್ದೂ ನೆನಪಿತ್ತು.

ಅಂದು ಕೇಜಿಗೆ ಗುಂಡು ತುಂಬುವಾಗ ಕೊನೆಯದೊಂದು ಚಿಮಟದಿಂದ ಜಾರಿ ಗ್ರೈಂಡಿಂಗ್ ಮಿಷನ್ನಿನ ಅಡಿ ಸೇರಿತ್ತು. ಅವಳು ನೆಲಕ್ಕೆ ಕೆನ್ನೆ ಹಚ್ಚಿ ಹುಡುಕುತ್ತಿದ್ದಾಗ ಮೂರ್ತಪ್ಪ ಅಂಗಿಯ ಜೇಬಿಗೆ ಕೈ ಹಾಕಿ ಒಂದು ಗುಂಡು ತೆಗೆದರು. "ತಗೋ, ಇದೇ ಲಾಟಿಂದು."

"ಅಳೀಲಾ ಸರ್?"

"ನಾನು ಕೊಡ್ತಿರೋದು ಕಣಮ್ಮ."

ಅಳೆಯದೆ ಯಾವ ಗುಂಡನ್ನೂ ಒಳಗೆ ಹಾಕಬಾರದು ಎಂಬ ನಿಯಮ ಅವರದೇ. ಆದರೆ ಅವರು ಚಾಚಿದ ಅಂಗೈಯಿಂದ ತೆಗೆದುಕೊಂಡು ಅದನ್ನು ಗೇಜಿನ ಕೆಳಗಿಡುವುದೆಂದರೆ ಅವರನ್ನೇ ಅಳೆದಂತೆ ಎನಿಸಿತು. ಜೇಬಿನ ಬಿಸಿ ಆರುವ ಮೊದಲೇ ಅದನ್ನು ಮೂವತ್ತಾರನೆಯ ತೂತಿಗೆ ಹಾಕಿದಳು.

ಈ ಬುಧವಾರದ ಸಂಜೆ ಅತೀಕಾ ಮತ್ತು ಮೂರ್ತಪ್ಪ ಒಂದೇ ಬಸ್ಸು ಹತ್ತಿದರು. ಇಬ್ಬರ ಮನೆಯೂ ಜನ್ನಾಪುರ. ಮೂರ್ತಪ್ಪ ಟಿಕೆಟ್ ತೆಗೆದು ಅಂಗಿಯ ಜೇಬಿಗೆ ಹಾಕಿದರು. ಊರು ದಾಟಿದ ಮೇಲೆ ಅತೀಕಾ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು, "ಸರ್, ಕೇಜು ತುಂಬೋವಾಗ ಒಂದು ಬಾಲ್ ಬಿದ್ದಿತ್ತಲ್ಲ," ಎಂದಳು.

"ಬಿದ್ದಿತ್ತಾ? ಸಿಕ್ತಾ?"

ಅವಳು ಅವರ ಮುಖ ನೋಡಿದಳು. ಅದರಲ್ಲಿ ಏನೂ ಕಾಣಲಿಲ್ಲ. "ಇಲ್ಲ," ಎಂದಳು.

"ಇನ್ನೊಂದು ಅಳೆದು ಹಾಕಿರ್ತೀಯ ಬಿಡು. ನೀನು ಅಳೀದೆ ಹಾಕೋಳಲ್ಲ."

ಸ್ವಲ್ಪ ಹೊತ್ತಿಗೆ ಅವರು ಕಂಡಕ್ಟರನ್ನು ಕರೆದು ಇಪ್ಪತ್ತರ ನೋಟು ಚಾಚಿದರು. "ಒಂದು ಜನ್ನಾಪುರ ಕೊಡಪ್ಪ."

"ಆಗಲೇ ಕೊಟ್ನಲ್ಲ ಅಜ್ಜಾ. ಜೇಬು ನೋಡ್ಕೊಳಿ."

ಮೂರ್ತಪ್ಪ ಜೇಬು ಮುಟ್ಟಿ ನಕ್ಕರು. "ನಿನ್ನ ಪರೀಕ್ಷೆ ಮಾಡ್ದೆ ಕಣೋ."

ಸುತ್ತಲಿನ ಇಬ್ಬರು ನಕ್ಕರು. ಅತೀಕಾ ಕೂಡ ನಕ್ಕಂತೆ ಮಾಡಿದಳು. ಕಿಟಕಿಯಾಚೆ ಭದ್ರಾವತಿಯ ಕ್ವಾರ್ಟರ್ಸುಗಳ ಹಂಚಿನ ಸಾಲು ಬಂದು ಹೋಯಿತು. ಮರೆತಿದ್ದಾರೋ, ಮರೆತಂತೆ ಇದ್ದಾರೋ? ಅಂದು ಜೇಬಿನಿಂದ ಕೊಟ್ಟದ್ದೂ ಪರೀಕ್ಷೆಯೇ ಆಗಿದ್ದರೆ? ಅಳೆಯುತ್ತಾಳೋ ಇಲ್ಲವೋ ಎಂದು ನೋಡಿ, ಅಳೆಯದೆ ಹಾಕಿದ್ದನ್ನು ಕಂಡು, ಅವಳಾಗಿಯೇ ಬಾಯಿ ಬಿಡಲೆಂದು ಎಂಟು ದಿನದಿಂದ ಕಾಯುತ್ತಿದ್ದರೆ? ಅಥವಾ ಆ ಗುಂಡು ಸರಿಯಾಗಿಯೇ ಇದ್ದು ತಪ್ಪು ಬೇರೆಲ್ಲೋ ಇದ್ದರೆ? ಜನ್ನಾಪುರ ಬಂದದ್ದು ಅವಳಿಗೆ ತಿಳಿಯಲಿಲ್ಲ. ಮೂರ್ತಪ್ಪನವರೇ, "ಇಳಿಯಲ್ವೇನಮ್ಮ," ಎಂದರು.

ಗುರುವಾರ ಬೆಳಿಗ್ಗೆ ಗಂಡಸರು ಹೊರಗೆ ಚಹಾ ಕುಡಿಯುತ್ತಿದ್ದಾಗ ಅವಳು ಕಲ್ಲಿನ ಮೇಜಿನ ಬಳಿ ಹೋದಳು. ಎಂಟು ದಿನದಿಂದ ಎಲ್ಲರೂ ಮುಳ್ಳು ನೋಡಿದ್ದರು; ಸುತ್ತು ಎಣಿಸಿದವರಿರಲಿಲ್ಲ. ಒಬ್ಬ ಒಂದು ಸುತ್ತು ತಿರುಗಿಸಿ ನೋಡಿದರೆ ಇನ್ನೊಬ್ಬ ಸಿಟ್ಟಿಗೆ ಮೂರು ಸುತ್ತು ತಿರುಗಿಸುತ್ತಿದ್ದ. ಅವಳು ಬಟ್ಟೆಯ ಮೇಲಿಂದ ತಟ್ಟೆ ಹಿಡಿದು ಒಂದೇ ಸುತ್ತು ತಿರುಗಿಸಿ ಬೆರಳು ಮಡಚಿದಳು. ಮೂರು ಗೆರೆ. ಇನ್ನೊಂದು ಸುತ್ತು. ಸೊನ್ನೆ. ಇನ್ನೊಂದು. ಮೂರು ಗೆರೆ. ಎಂಟನೆಯ ಬೆರಳು ಮಡಚುವವರೆಗೂ ಮುಳ್ಳು ಒಂದು ಸಲವೂ ತಪ್ಪಲಿಲ್ಲ.

ಎರಡು ತಟ್ಟೆಗಳ ಸಂದಿಯಲ್ಲಿ ಕೇಜಿನ ಅಂಚು ಕಾಣುತ್ತಿತ್ತು. ಡಯಲ್ಲಿನ ಎದುರಿಗೆ ಅದರ ಮೇಲೆ ಪೆನ್ಸಿಲಿನಿಂದ ಚುಕ್ಕೆ ಇಟ್ಟು ತಟ್ಟೆಯನ್ನು ಮತ್ತೆ ತಿರುಗಿಸಿದಳು. ತಟ್ಟೆ ಸುತ್ತಿ ಬಂತು, ಚುಕ್ಕೆ ಬರಲಿಲ್ಲ. ಆಚೆ ಬದಿಗೆ ಹೋಗಿ ನಿಂತಿತ್ತು. ಇನ್ನೊಂದು ಸುತ್ತಿಗೆ ತನ್ನ ಜಾಗಕ್ಕೆ ಬಂತು. ಸ್ಕೇಲು ಹತ್ತಿಂಚು, ಪೆನ್ಸಿಲ್ ಐದೇ. ಒಂದು ಗುಂಡು ದಪ್ಪವಿದೆ. ಎರಡು ಸುತ್ತಿಗೊಮ್ಮೆ ಡಯಲ್ಲಿನ ಕೆಳಗೆ ಬಂದು ತಟ್ಟೆಯನ್ನು ಎತ್ತಿ ಹೋಗುತ್ತಿದೆ.

ಸಿಕ್ಕಿತು ಎನ್ನುವ ಸಂತೋಷ ಬರಲಿಲ್ಲ. ಪೆನ್ಸಿಲಿನ ಪಾಠ ಹೇಳಿಕೊಟ್ಟವರಿಗೆ ಎಂಟು ದಿನ ಇದು ಹೊಳೆಯದೆ ಇತ್ತೇ? ಅವಳ ಕೈ ಇನ್ನೂ ತಟ್ಟೆಯ ಮೇಲಿತ್ತು. ಅಷ್ಟರಲ್ಲಿ ಅವರು ಒಳಗೆ ಬಂದರು.

"ಇನ್ನು ಕಾಯೋದ್ರಲ್ಲಿ ಅರ್ಥ ಇಲ್ಲ ಮೂರ್ತಪ್ಪನೋರೇ," ಎನ್ನುತ್ತಿದ್ದ ಹರಿಪ್ರಸಾದ್. "ನಾಳೆ ಬಂದೋರಿಗೆ ಹೇಳ್ಬಿಡ್ತೀನಿ. ಪುಣೆಯಿಂದ ರೆಡಿ ಬೇರಿಂಗ್ ತರಿಸಿ, ಡಿಸೈನ್ ಅಲ್ಲಿಯೋರ ಹತ್ರನೇ ಮಾಡ್ಸಣ. ನೀವೂ ಮನೇಲಿ ಆರಾಮಾಗಿರಿ. ಈ ವಯಸ್ಸಲ್ಲಿ ದಿನಾ ಬಸ್ಸು ಹತ್ತಿ ಬರೋದೇನು ಸುಮ್ನೆ."

ಮೂರ್ತಪ್ಪ ಗೋಡೆಯ ನಕ್ಷೆಯನ್ನು ಕಿತ್ತು ಸುತ್ತತೊಡಗಿದ್ದರು. "ನನ್ನ ಲೆಕ್ಕದಲ್ಲೇ ಎಲ್ಲೋ ಎಡವಟ್ಟಾಗಿದೆ," ಎಂದರು. "ಎಲ್ಲಿ ಅಂತ ಗೊತ್ತಾಗ್ತಿಲ್ಲ." ದಾರಕ್ಕಾಗಿ ಮೇಜಿನ ಮೇಲೆ ತಡಕಿದರು. ದಾರ ಅವರ ಎಡಗೈಯಲ್ಲೇ ಇತ್ತು.

"ಎರಡು ಸುತ್ತಿಗೊಂದ್ಸಲ ಬರ್ತಿದೆ," ಎಂದಳು ಅತೀಕಾ.

ಅವಳ ದನಿ ಆ ಶೆಡ್ಡಿನಲ್ಲಿ ಅಷ್ಟು ಗಟ್ಟಿಯಾಗಿ ಹಿಂದೆಂದೂ ಕೇಳಿರಲಿಲ್ಲ. ದೇವರಾಜ್ ತಿರುಗಿ, "ಏನಂದ್ಯೇ ಮಾರಾಯ್ತಿ?" ಎಂದ.

ಅವಳು ತಟ್ಟೆ ತಿರುಗಿಸಿದಳು. ದೇವರಾಜ್ ಮೊದಲು ತಮಾಷೆಗೆ ಎಣಿಸಿದ. ನಾಲ್ಕನೆಯ ಸುತ್ತಿಗೆ ದನಿ ತಗ್ಗಿತು, ಆರನೆಯದಕ್ಕೆ ಬಗ್ಗಿ ಡಯಲ್ಲಿಗೆ ಕಣ್ಣಿಟ್ಟ. ಮೂರ್ತಪ್ಪ ಮುಳ್ಳು ನೋಡಲಿಲ್ಲ. ಅವರ ಕಣ್ಣು ಸಂದಿಯಲ್ಲಿ ಸರಿಯುತ್ತಿದ್ದ ಪೆನ್ಸಿಲ್ ಚುಕ್ಕೆಯ ಜೊತೆಯಲ್ಲೇ ಹೋಯಿತು, ಆಚೆ ಬದಿಗೆ ಹೋಗಿ ನಿಂತಿತು.

"ಬಾಲ್ ದಪ್ಪ ಇದೆ ಅಂತೀಯಾ?" ಹರಿಪ್ರಸಾದ್ ಕೇಳಿದ. "ನೀನೇ ಅಳೆದಿದ್ದಲ್ವೇನಮ್ಮ ಎಲ್ಲ?"

"ಒಂದು ಅಳೀದೆ ಹಾಕಿದೀನಿ ಸರ್."

"ಅಳೀದೆ? ಎಲ್ಲಿಂದ ಬಂತದು?"

ಅವಳು ನೆಲ ನೋಡಿದಳು. ಮೂರ್ತಪ್ಪನವರ ಕೈ ನಿಧಾನವಾಗಿ ಮೇಲೆದ್ದು ಅಂಗಿಯ ಜೇಬಿನೊಳಗೆ ಹೋಯಿತು. ನಿನ್ನೆಯ ಬಸ್ ಟಿಕೆಟ್ಟಿನ ತುದಿ ಹೊರಗೆ ಬಂತು. ಕೈ ಮಾತ್ರ ಒಳಗೇ ಉಳಿಯಿತು. ಸುತ್ತಿದ್ದ ನಕ್ಷೆ ಮೇಜಿನ ಮೇಲೆ ತಾನಾಗಿಯೇ ಅರ್ಧ ಬಿಚ್ಚಿಕೊಂಡಿತು.

ಅತೀಕಾ ಗೂಡಿನಿಂದ ಚಿಮಟ ತಂದಳು. ಬಿಳಿ ಬಟ್ಟೆ ಹಾಸಿ, ಗುಳಿಗಳ ಹಲಗೆಯನ್ನು ಅದರ ಪಕ್ಕ ಇಟ್ಟಳು. ಡಯಲ್ ಗೇಜನ್ನು ಬದಿಗೆ ಸರಿಸಿ, ನಡುವಿನ ನಟ್ಟು ಬಿಚ್ಚಿದಳು. ಮೇಲಿನ ತಟ್ಟೆ ಒಬ್ಬರೇ ಎತ್ತುವಂಥದ್ದಲ್ಲ; ಎರಡೂ ಕಡೆಯಿಂದ ಸಮನಾಗಿ ಎತ್ತದಿದ್ದರೆ ಕೇಜಿಗೆ ಏಟು. ಅವಳು ತನ್ನ ಬದಿಯ ಅಂಚಿಗೆ ಬಟ್ಟೆ ಸುತ್ತಿ ಹಿಡಿದು ನಿಂತಳು.

"ಸರ್," ಎಂದಳು ಮೂರ್ತಪ್ಪನವರತ್ತ ನೋಡಿ. "ಆ ಕಡೆ ಸ್ವಲ್ಪ ಹಿಡ್ಕೊಳ್ಳಿ."