ಅಕ್ಕನ ವಯಸ್ಸು

"ಎಪ್ಪತ್ತೊಂದಾಗೇತಿ ಮುದುಕಿ! ಈ ಎಲುಬ ಕೂಡಿಸ್ಕೊಂಡು ಇನ್ನ ಯಾರ ಮದುವ್ಯಾಗ ಕುಣ್ಯಾಕಿ?"

ಗುಮಾಸ್ತ ಗುರುತಿನ ಚೀಟಿಯನ್ನು ಬಖೀತಾಳ ಎದೆಯ ಮೇಲೆ ಎಸೆದು, ಒಂದು ಕಾಗದವನ್ನೂ ಶಾಯಿಯ ಡಬ್ಬಿಯನ್ನೂ ಮುಂದೆ ಹಿಡಿದ. "ಹೆಬ್ಬಟ್ಟ ಒತ್ತು. ನೋವಿನ ಗುಳಿಗಿ ಕೊಡ್ತೀವಿ, ಮನಿಗಿ ಹೋಗು."

ಕಬ್ಬಿನ ಗಾಡಿಯಿಂದ ಬಿದ್ದು ತೊಡೆ ಮುರಿದುಕೊಂಡ ಬಖೀತಾ, ನೈಲ್ ದಂಡೆಯ ಆ ಸರ್ಕಾರಿ ಆಸ್ಪತ್ರೆಯ ಪಡಸಾಲೆಯಲ್ಲಿ ಸ್ಟ್ರೆಚರಿನ ಮೇಲೆ ಮೂರು ದಿನ ಕಳೆದಿದ್ದಳು. ಗುಳಿಗೆಗೆ ಹೆಬ್ಬೆಟ್ಟು ಯಾಕೆ? ಪಕ್ಕದ ಸ್ಟ್ರೆಚರಿನಲ್ಲಿ ಇವಳಂತೆಯೇ ಕಾಲು ಮುರಿದು ಮಲಗಿದ್ದ ಫಹೀಮಾಳ ಹೆಬ್ಬೆಟ್ಟು ನಿನ್ನೆಯಿಂದ ನೀಲಿಯಾಗಿತ್ತು, ಗುಳಿಗೆ ಮಾತ್ರ ಬಂದಿರಲಿಲ್ಲ. ಬಖೀತಾ ಮುಷ್ಟಿ ಬಿಗಿದಳು.

"ಹಮ್ದಾನ್, ಓದೋ ಅದನ್ನ."

ಮಗ ಓದಿದ. "ಆಪರೇಷನ್ ಬ್ಯಾಡ ಅಂತ ನೀನ ಹೇಳಿದಂಗ ಬರದಾರವ್ವ."

"ಥೂ, ಇವರ ಹೆಣಾ ಎತ್ಲಿ! ನಾ ಯಾವಾಗ ಅಂದ್ನೋ?"

ಹಮ್ದಾನ್ ಗುಮಾಸ್ತನ ಮುಂದೆ ಕೈಮುಗಿದ. "ಸಾಹೇಬ್ರ, ಅದು ಅವ್ವನ ವಯಸ್ಸಲ್ರೀ. ಇಕಿ ಅಕ್ಕ ಕೂಸಿದ್ದಾಗ ಸತ್ಲು. ಏಳು ವರ್ಷದ ಮ್ಯಾಲ ಇಕಿ ಹುಟ್ಟಿದ್ಲು. ಮತ್ಯಾರು ಕಚೇರಿಗಿ ಅಲೀಬೇಕಂತ ಅಕ್ಕನ ಹೆಸರು, ಅಕ್ಕನ ಜನನಪತ್ರಾನೇ ಇಕಿಗೆ ಇಟ್ರು. ನಮ್ಮ ಕಡೆ ಎಲ್ಲಾರೂ ಹಂಗ ಮಾಡ್ತಿದ್ರು."

ಹಾದು ಹೋಗುತ್ತಿದ್ದ ಡಾಕ್ಟರು ನಿಂತರು. "ಅಂದ್ರ ಅರವತ್ನಾಕು! ಎಪ್ಪತ್ತು ದಾಟಿದವರಿಗಷ್ಟ ಆಪರೇಷನ್ ಇಲ್ಲ. ಮೊದಲ ಹೇಳಬಾರದಾ ಹಾಜ್ಜಾ? ವಯಸ್ಸಿಗೆ ಊರ ಹಿರೇರ ಕಾಗದ ಆಮ್ಯಾಲ ತರ್ರಿ. ಟೇಬಲ್ ಖಾಲಿ ಐತಿ, ಒಳಗ ತಗೊಳ್ರಿ ಇವರನ್ನ."

ಹಾಜ್ಜಾ! ಮೆಕ್ಕಾದ ಮುಖ ಕಾಣದವಳಿಗೆ ಈ ಮರ್ಯಾದೆ. ಬಖೀತಾಳ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

"ಏ ಡಾಕ್ಟರಾ, ಮುಂಜಾನಿ ಈ ಕಾಲು ಕೂಡಂಗಿಲ್ಲ ಅಂದಿ. ಅದೇ ಕಾಲು, ಈಗ ಹ್ಯಾಂಗ ಕೂಡ್ತತಿ?"

ಡಾಕ್ಟರು ಕೈಗಡಿಯಾರ ನೋಡಿಕೊಂಡರು.

"ಫಹೀಮಕ್ಕಗ?"

"ಆಕಿಗೆ ಎಪ್ಪತ್ತೈದು," ಎಂದ ಗುಮಾಸ್ತ. "ಬ್ಯಾಡಂತ ಆಕೀನ ಒತ್ಯಾಳಲ್ಲ."

ಫಹೀಮಾ ನೀಲಿ ಹೆಬ್ಬೆಟ್ಟನ್ನು ಚಾದರದ ಅಂಚಿಗೆ ಒರೆಸಿದಳು, ಮತ್ತೆ ಒರೆಸಿದಳು. ಅದು ಹೋಗಲಿಲ್ಲ. ಬಖೀತಾ ಪರಗಂಡಸರ ಮುಂದೆ ಎಂದೂ ಜಾರದ ಕರಿ ಶಾಲನ್ನು ತಲೆಯಿಂದ ಎಳೆದು, ಎರಡೂ ಸ್ಟ್ರೆಚರಿನ ಸರಳುಗಳಿಗೆ ಸುತ್ತಿದಳು. ಕಬ್ಬಿನ ಹೊರೆಗೆ ಹಾಕುವ ಗಂಟನ್ನೇ ಹಾಕಿದಳು.

"ಅವ್ವಾ, ಹುಚ್ಚ ಹಿಡೀತೇನು? ನಿನ್ನ ಕಾಲು ಹೊಕ್ಕೈತಿ!"

"ಹೋದ್ರ ಹೋಗ್ಲಿ. ಒಯ್ದ್ರ ಇಬ್ಬರ್ನೂ ಒಯ್ಯಲಿ."

ಆಸ್ಪತ್ರೆಯ ಆಳು ಬೈಯುತ್ತಾ ಬಖೀತಾಳ ಸ್ಟ್ರೆಚರನ್ನು ಜಗ್ಗಿದ. ಗಂಟು ಬಿಚ್ಚಲಿಲ್ಲ. ಸ್ಟ್ರೆಚರುಗಳೆರಡೂ ಒಟ್ಟಿಗೇ ಉರುಳಿ ಹೋಗಿ ಆಪರೇಷನ್ ಕೋಣೆಯ ಬಾಗಿಲಿಗೆ ಅಡ್ಡಡ್ಡ ಸಿಕ್ಕಿಕೊಂಡವು. ನೋವಿಗೆ ಇಬ್ಬರೂ ಚೀರಿದರು. ಇನ್ನು ಒಳಗೆ ಹೋಗುವವರಿಗೂ ದಾರಿಯಿಲ್ಲ, ಹೊರಗೆ ಬರುವವರಿಗೂ ಇಲ್ಲ.

ಒಳಗೆ ದೀಪ ಉರಿಯುತ್ತಿತ್ತು, ಮೇಜು ಖಾಲಿಯಿತ್ತು. ಬಖೀತಾ ಬರಿತಲೆಯಲ್ಲಿ ಮಲಗಿ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.