ಪುಟ್ಟಲಕ್ಷ್ಮಿಯ ಪಕ್ಕ

ಹಾರೆ ಮತ್ತೆ ಖಣ್ ಎಂದಿತು. ಮೊಣಕಾಲುದ್ದದ ಗುಣಿಯಲ್ಲಿ ನಿಂತಿದ್ದ ಚಿಕ್ಕಮಾದು ಹಾರೆಯನ್ನು ಅಲ್ಲೇ ಬಿಟ್ಟು ಮೇಲಕ್ಕೆ ನೋಡಿದ.

"ಇಲ್ಲೂ ಬಂಡೆನೇ ಚಿಕ್ಕಪ್ಪ. ಎಲ್ಲಿ ಆಕಿದ್ರೂ ಬಂಡೆ."

"ಬೆಳಗ್ಗೆಯಿಂದ ನಾನೇನ್ ಬಡ್ಕೋತಾ ಇವ್ನಿ? ಒಳೆ ಪಕ್ಕ ಓಗಾಣ, ಅಲ್ಲಿ ಮಣ್ಣು ಬೆಣ್ಣೆ ಇದ್ದಂಗದೆ ಅಂತ" ಎಂದು ಬಸವಯ್ಯ ರೇಗಿದ.

ಬಸವಯ್ಯ ಸತ್ತವನ ತಮ್ಮ, ಚಿಕ್ಕಮಾದು ಮಗ. ಸತ್ತವನು ಕರಿಯಪ್ಪ, ನಂಜನಗೂಡಿನಾಚೆ ಕಪಿಲೆಯ ದಂಡೆಯ ಹಟ್ಟಿಯಲ್ಲಿ ಬದುಕೆಲ್ಲ ಕಲ್ಲು ಸೀಳಿಕೊಂಡೇ ಇದ್ದವನು. ಹಿಂದಿನ ದಿನ ಬೆಳಗ್ಗೆ ಅವನ ಉಸಿರು ನಿಂತಿತ್ತು. ಬೇಸಗೆಯ ಬಿಸಿಲಿಗೆ ಹೆಣ ಇನ್ನು ತಡೆಯುವಂತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಮಣ್ಣು ಮಾಡುವ ಪದ್ಧತಿಯೂ ಹಟ್ಟಿಯಲ್ಲಿರಲಿಲ್ಲ.

ಹುಣಿಸೆ ಮರದ ಕೆಳಗೆ ಇಳಿಸಿದ ಚಟ್ಟದ ಪಕ್ಕ ಅವನ ಹೆಂಡತಿ ಚಿನ್ನಮ್ಮ ಕೂತಿದ್ದಳು. ಹೆಂಗಸರು ಹಟ್ಟಿಯ ಅಂಚಿನಿಂದಲೇ ಹಿಂತಿರುಗಬೇಕೆಂದು ಹಿರಿಯರು ಗದರಿದರೂ ಕಿವಿಗೆ ಹಾಕಿಕೊಳ್ಳದೆ ಬಂದೇ ಬಿಟ್ಟಿದ್ದಳು. ಗಂಡನನ್ನು ಮಗಳು ಪುಟ್ಟಲಕ್ಷ್ಮಿಯ ಪಕ್ಕದಲ್ಲೇ ಮಲಗಿಸಬೇಕು. ಸಾಯುವ ಮುಂಚೆ ಅವನು ಕೇಳಿಕೊಂಡದ್ದು ಅದೊಂದೇ. ಮಗಳ ಗುಣಿಯ ಮಣ್ಣುದಿಬ್ಬ ಇಗೋ, ಇಲ್ಲೇ ಕೈಯಳತೆಯಲ್ಲಿದೆ.

"ಬಂಡೆಯಾದ್ರೆ ಸೀಳಿ. ಕಲ್ಲು ಸೀಳೋರಲ್ವಾ ನೀವು?" ಎಂದಳು.

"ಬೆಣೆ ಬಿಗಿದು ನೀರುಣ್ಸುದ್ರೆ ನಾಳೆ ಬೆಳಗಾಯ್ತದೆ ಕಣವ್ವ. ಅಷ್ಟೊತ್ತೆಲ್ಲದೆ?" ಚಿಕ್ಕಮಾದುವಿನ ಅಂಗೈ ಕಿತ್ತು ರಕ್ತ ಬಂದಿತ್ತು.

"ಬೆಂಕಿ ಆಕಿ ಸಿಡ್ಸು."

"ಮಣ್ಣು ಮಾಡೋ ಜನ ನಾವು" ಎಂದ ಬಸವಯ್ಯ. "ಗುಣಿಯೊಳಗೆ ಬೆಂಕಿ ಇಡಕ್ಕಾದದಾ ಅತ್ಗೆ? ಜಿದ್ದು ಬಿಡು, ಒಳೆ ಪಕ್ಕ ಓಗಾಣ."

"ನಾನು ಬರಕಿಲ್ಲ. ಅವ್ರನ್ನೂ ಬಿಡಕಿಲ್ಲ." ಚಿನ್ನಮ್ಮ ಚಟ್ಟದ ಬಿದಿರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

*

ಪುಟ್ಟಲಕ್ಷ್ಮಿ ಸತ್ತದ್ದು ಪ್ಲೇಗಿನ ವರ್ಷ. ತಿರುಮಕೂಡಲಿನಲ್ಲಿ ಹೊಳೆದಂಡೆಯ ಹಳೆಯ ಮಂಟಪವೊಂದರ ತೊಲೆ ಬಿರುಕು ಬಿಟ್ಟಿತ್ತು. ಹೊಸ ತೊಲೆ ಸೀಳಲು ಅಮಲ್ದಾರರು ಕರಿಯಪ್ಪನನ್ನು ಕರೆಸಿದ್ದರು. ಗಾರೆ ಮುಟ್ಟಿಸದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಮಂಟಪ. ಹಳೆಯ ತೊಲೆಯ ಅಂಚಿನಲ್ಲಿ ಅದನ್ನು ಸೀಳಿದವರ ಬೆಣೆಗುಳಿಗಳ ಸಾಲು ಇನ್ನೂ ಉಳಿದಿತ್ತು. ಯಾವ ರಾಜರ ಕಾಲದವರೋ, ಅವರ ಕೆಲಸವೂ ಇವನ ಕೆಲಸವೂ ಒಂದೇ. ಬಂಡೆಯ ಮೇಲೆ ಸಾಲಾಗಿ ಗುಳಿ ತೋಡಿ, ಒಣಮರದ ಬೆಣೆ ಬಿಗಿದು, ನೀರು ಉಣಿಸುತ್ತ ಕಾಯಬೇಕು. ಮರ ನೀರು ಕುಡಿದು ಉಬ್ಬಿದಂತೆ ಕಲ್ಲು ತಾನಾಗಿ ಬಾಯಿ ಬಿಡುತ್ತದೆ. ನಡುವೆ ಒಂದು ಬೆಣೆ ಒಣಗಿದರೂ ಸೀಳು ಸೊಟ್ಟಗೆ ಓಡಿ ತೊಲೆ ಹಾಳು.

ಮಗಳಿಗೆ ಗಡ್ಡೆ ಎದ್ದಿದೆ ಎಂದು ಹಟ್ಟಿಯಿಂದ ಆಳು ಓಡಿ ಬಂದಾಗ ಬೆಣೆಗಳು ಆಗಲೇ ನೀರು ಕುಡಿಯುತ್ತಿದ್ದವು.

"ಕಲ್ಲು ಬಾಯ್ಬಿಟ್ಟೇಟ್ಗೆ ಬತ್ತೀನಿ ಅಂತೇಳು" ಎಂದ ಕರಿಯಪ್ಪ. ಹೊಳೆಯಿಂದ ಕೊಡ ಕೊಡ ನೀರು ತಂದು ಹುಯ್ದ. ಮಾರನೆಯ ದಿನ ಕಲ್ಲು ನೂಲು ಹಿಡಿದಂತೆ ಸೀಳಿತು.

ಅವನು ಬಂದಾಗ ಎಲ್ಲ ಮುಗಿದಿತ್ತು. ಚಿನ್ನಮ್ಮ ತೊಟ್ಟಿಲ ಕೂಸಾಗಿದ್ದ ಚಿಕ್ಕಮಾದುವನ್ನು ಅವುಚಿಕೊಂಡು ಜ್ವರದಲ್ಲಿ ಬಿದ್ದಿದ್ದಳು. ಹಟ್ಟಿಯ ಜನ ಮನೆ ಬಿಟ್ಟು ಹೊಲಗಳಿಗೆ ಚದುರಿದ್ದರು. ಸತ್ತ ಆರು ವರ್ಷದ ಮಗಳನ್ನು ಹೊತ್ತುಕೊಂಡು ಹೋಗಿದ್ದವನು ಬಸವಯ್ಯ ಒಬ್ಬನೇ. ಅವನೇ ಅಣ್ಣನಿಗೆ ಈ ದಿಬ್ಬ ತೋರಿಸಿದ್ದ.

*

ಚಿಕ್ಕಮಾದು ಗುಣಿಯೊಳಗಿನ ಮಣ್ಣನ್ನು ಕೈಯಿಂದ ಒತ್ತರಿಸಿ ಬಂಡೆಯ ಜಾಡು ಹಿಡಿದ. ಅದು ದಿಬ್ಬದ ಕಡೆಗೇ ಓಡಿತ್ತು.

"ಅಕ್ಕನ ಕೆಳಗೂ ಇದೇ ಬಂಡೆ. ಚಿಕ್ಕಪ್ಪ, ಅವತ್ತು ನೀನೊಬ್ನೇ ಎಂಗೆ ಗುಣಿ ತೋಡ್ದೆ?"

ಬಸವಯ್ಯ ಗುಣಿಯ ಅಂಚಿನಲ್ಲಿ ಕುಕ್ಕರಿಸಿ ಕೂತ.

"ತೋಡ್ಲಿಲ್ಲ ಕಣ್ಲಾ. ಗೇಣುದ್ದಕ್ಕೇ ಬಂಡೆ ಸಿಕ್ತು. ನಂಗೂ ಜ್ವರ, ಕೈಲಿ ಕಸುವಿರ್ಲಿಲ್ಲ. ಮೇಲೇ ಮುಚ್ಚಿದ್ರೆ ನರಿ ಬಿಡ್ತಿರ್ಲಿಲ್ಲ ಅತ್ಗೆ. ಒಳೆಗೆ ಬಿಟ್ಬುಟ್ಟೆ. ಇಲ್ಲಿ ಬರೀ ಮಣ್ಣು ಗುಡ್ಡೆ ಮಾಡ್ದೆ." ಹೊಳೆಯ ಕಡೆಗೆ ಕೈ ತೋರಿಸಿ ಹೇಳಿದ: "ನೀರು ಅಣ್ಣ ಇದ್ದ ತಿರುಮಕೂಡಲ ಕಡೀಕೇ ಓಗ್ತಿತ್ತು."

ಚಿನ್ನಮ್ಮ ಅಳಲಿಲ್ಲ. "ಸುಳ್ಳು" ಎಂದಳು. "ನನ್ ಮಗ್ಳು ಇಲ್ಲೇ ಅವ್ಳೆ." ದಿಬ್ಬದ ಮೇಲೆ ಬಿದ್ದು ಎರಡೂ ಕೈಯಿಂದ ಮಣ್ಣು ಬಗೆಯತೊಡಗಿದಳು. ತಡೆಯಲು ಹೋದ ಮಗನ ಕೈ ಕಚ್ಚಿದಳು. ಕೊನೆಗೆ ಅವನೂ ಅವಳ ಪಕ್ಕ ಕೂತು ಬಗೆದ. ಇನ್ನೇನು ಮಾಡಿಯಾನು?

ಗೇಣುದ್ದ ಹೋಯಿತು, ಮೊಳವೂ ಹೋಯಿತು. ಬಂಡೆ ಸಿಗಲಿಲ್ಲ, ಸಡಿಲ ಮಣ್ಣೇ ಬರುತ್ತಿತ್ತು.

"ಇಲ್ಲಿ ಬಂಡೆ ಇತ್ತು. ನಂಜುಂಡನಾಣೆಗೂ ಇತ್ತು" ಎಂದು ಬಸವಯ್ಯ ತೆವಳಿಕೊಂಡು ಬಂದ.

ಬಂಡೆ ಇತ್ತು, ಸುತ್ತಲೂ ಇತ್ತು. ಅದರ ನಡುವೆ ಯಾರೋ ಗುಣಿ ಕಡಿದಿದ್ದರು. ಗೋಡೆಯ ಮೇಲೆಲ್ಲ ಎಡಕ್ಕೆ ವಾಲಿದ ಉಳಿಯ ಗೆರೆಗಳಿದ್ದವು. ಹಾಗೆ ಉಳಿ ಹಿಡಿಯುತ್ತಿದ್ದವನು ಹಟ್ಟಿಯಲ್ಲಿ ಕರಿಯಪ್ಪ ಒಬ್ಬನೇ. ತಳವನ್ನು ಅಂಗೈಯಷ್ಟು ನಯ ಮಾಡಿದ್ದ. ಆರು ವರ್ಷದ ಮಗು ಕಾಲು ಚಾಚಿ ಮಲಗುವಷ್ಟು ಉದ್ದ. ಒಳಗೆ ಮಣ್ಣಲ್ಲದೆ ಏನೂ ಇರಲಿಲ್ಲ.

ಮಗಳ ಹತ್ತಿರ ಕೂತು ಬತ್ತೀನಿ ಎಂದು ಅವನು ಇಲ್ಲಿಗೆ ಬರುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ದಿಬ್ಬ ಬರಿದೆಂದು ಅವನಿಗೆ ಎಂದು ತಿಳಿಯಿತೋ ಯಾರಿಗೂ ಗೊತ್ತಿಲ್ಲ. ಹೆಂಡತಿಗೆ ಹೇಳಲಿಲ್ಲ, ತಮ್ಮನನ್ನು ಕೇಳಲಿಲ್ಲ.

"ಗೊತ್ತಿದ್ದೂ ನನ್ ಜೊತೆ ಒಂದೇ ತಣಿಗೇಲಿ ಮುದ್ದೆ ಮುರ್ಕೊಂಡು ಉಂಡನಲ್ಲಪ್ಪಾ" ಎಂದು ಬಸವಯ್ಯ ಹಣೆ ಚಚ್ಚಿಕೊಂಡ.

ಹೊತ್ತು ಹೊಳೆಯಾಚೆಯ ತೋಪಿಗೆ ಇಳಿದಿತ್ತು. "ಅಪ್ಪಂಗೆ ಇದು ಸಾಲಕಿಲ್ಲ ಕಣವ್ವ" ಎಂದ ಚಿಕ್ಕಮಾದು.

"ಕಾಲು ಮಡ್ಸಿ."

"ಅವ್ವ..."

"ಮಡ್ಸಿ ಅಂದೆ!"

ಚಟ್ಟದ ಕಟ್ಟು ಬಿಚ್ಚಿದರು. ಬಿಗಿತ ಇಳಿದು ಮೈ ಸಡಿಲವಾಗಿತ್ತು. ಬಸವಯ್ಯ ಅಣ್ಣನ ಮೊಣಕಾಲು ಹಿಡಿದು ಮಡಿಸಿದ, ಚಿಕ್ಕಮಾದು ಹೆಗಲಿಗೆ ಕೈ ಕೊಟ್ಟ. ಮಗ್ಗುಲಾಗಿ ಇಳಿಸಿ, ಮೊಣಕಾಲನ್ನು ಹೊಟ್ಟೆಯ ಕಡೆಗೆ ತಂದು, ಕೈಯನ್ನು ಮುಂದಕ್ಕೆ ಬಾಗಿಸಿದಾಗ ಕರಿಯಪ್ಪ ಹೇಗೋ ಹಿಡಿಸಿದ. ಅವನ ಎದೆಗೂ ಮೊಣಕಾಲಿಗೂ ನಡುವೆ ಒಂದು ಮಗು ಮುದುರಿ ಮಲಗುವಷ್ಟು ಜಾಗ ಉಳಿದಿತ್ತು.

ಎಲ್ಲರೂ ಹಿಡಿಮಣ್ಣು ತೆಗೆದುಕೊಂಡು ಗುಣಿಯ ಸುತ್ತ ನಿಂತರು. ಆ ಜಾಗಕ್ಕೆ ಮಣ್ಣು ಹಾಕಲು ಯಾರ ಮುಷ್ಟಿಯೂ ಬಿಚ್ಚಲಿಲ್ಲ.