ಹೆಗ್‌ಲ್ಯಾಂಡ್ ಹುಲ್ಲುಗಾವಲಿನಲ್ಲಿ ಮದುವೆ

ನಮ್ಮೂರಿನ ಶಾಲೆಯ ಬಸ್ಸನ್ನು ಮೂವತ್ತೊಂದು ವರ್ಷ ಓಡಿಸಿದ ಆರ್ಡಿಸ್ ಟಾಲೆಫ್‌ಸನ್, ನಿವೃತ್ತಳಾದ ಮರುವಾರವೇ ಹೆಗ್‌ಲ್ಯಾಂಡ್ ಹುಲ್ಲುಗಾವಲಿಗೆ ಕಳೆ ಕೀಳಲು ಬಂದಳು. ಹುಲ್ಲುಗಾವಲು ಅಂತ ಹೆಸರಿಗೆ ಅಷ್ಟೆ, ಆಗ ಅಲ್ಲಿ ಹುಲ್ಲೇ ಇರಲಿಲ್ಲ. ಆರ್ವಲ್ ಹೆಗ್‌ಲ್ಯಾಂಡ್ ಎಂಬ ರೈತ, ಯಾರೂ ಇಲ್ಲಿ ಮನೆ ಕಟ್ಟಬಾರದು, ಹಕ್ಕಿಪಕ್ಷಿಗೆ ಇರಲಿ ಎಂದು ಊರಿನ ಭೂ ಸಂರಕ್ಷಣಾ ಟ್ರಸ್ಟಿಗೆ ಸಾಯುವ ಮೊದಲು ಬರೆದುಕೊಟ್ಟ ಇಪ್ಪತ್ತು ಎಕರೆ ಅದು. ತುಂಬ ಮುಳ್ಳುಪೊದೆ. ಅದರ ನಡುವೆ ಕಾಡು ಪಾರ್ಸ್‌ನಿಪ್ ಎಂಬ ಹಳದಿ ಹೂವಿನ ಕಳೆ. ಅದರ ರಸ ಕೈಗೆ ತಾಗಿ ಮೇಲೆ ಬಿಸಿಲು ಬಿತ್ತೋ, ಕಾದ ಎಣ್ಣೆ ಸಿಡಿದ ಹಾಗೆ ಬೊಬ್ಬೆ ಏಳುತ್ತದೆ. ನನ್ನ ಎಡಗೈಯಲ್ಲಿ ಇನ್ನೂ ಕಲೆ ಇದೆ.

ಆರ್ಡಿಸ್‌ಳ ಹಿಂದೆ ನಾನು ಹೋದೆ. ಅಂಚೆ ಹಂಚಿ ಸವೆದ ಕಾಲು, ಆದರೂ ಮನೆಯಲ್ಲಿ ಕೂರಲಾಗದ ಜನ್ಮ ನನ್ನದು. ಆಮೇಲೆ ಒಬ್ಬೊಬ್ಬರಾಗಿ ಹದಿನಾರು ಜನ ಆದೆವು. ಪ್ರತಿ ಗುರುವಾರ ಬೆಳಿಗ್ಗೆ ಹೋಗುತ್ತಿದ್ದುದರಿಂದ ಊರಲ್ಲಿ ನಮಗೆ 'ಗುರುವಾರದವರು' ಅಂತಲೇ ಹೆಸರು. ಒಂಬತ್ತು ವರ್ಷ ಕಿತ್ತೆವು, ಕಡಿದೆವು, ಬೀಜ ಬಿತ್ತಿದೆವು. ಐದನೆಯ ವರ್ಷ ಬಾಬೊಲಿಂಕ್ ಹಕ್ಕಿಗಳು ಬಂದವು. ಗುಬ್ಬಚ್ಚಿಗಿಂತ ತುಸು ದೊಡ್ಡವು. ಗಂಡಿನ ಕತ್ತಿನ ಹಿಂದೆ ಬೆಣ್ಣೆ ಬಣ್ಣ. ದಕ್ಷಿಣ ಅಮೆರಿಕದ ಬಯಲಿನಿಂದ ಸಾವಿರಾರು ಮೈಲಿ ಹಾರಿ ಬಂದು, ವಿಸ್ಕಾನ್ಸಿನ್‌ನ ನಮ್ಮ ಈ ಹುಲ್ಲಿನ ಬುಡದಲ್ಲಿ, ನೆಲದ ಮೇಲೇ ಗೂಡು ಕಟ್ಟುತ್ತವೆ. ಮೊದಲ ಜೋಡಿಯನ್ನು ಕಂಡ ದಿನ ಆರ್ಡಿಸ್ ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂತು ಅತ್ತುಬಿಟ್ಟಳು. ಗಂಡ ಸತ್ತಾಗಲೂ ಜನರೆದುರು ಅಳದ ಹೆಂಗಸು ಅವಳು.

ಮರಿಗಳು ಹಾರುವವರೆಗೆ, ಅಂದರೆ ಜುಲೈ ಮುಗಿಯುವವರೆಗೆ, ಹುಲ್ಲಿಗೆ ಯಂತ್ರ ಹಾಕಬಾರದು ಎಂಬ ನಿಯಮವನ್ನು ಆರ್ಡಿಸ್‌ಳೇ ಹಟ ಹಿಡಿದು ಬರೆಸಿದ್ದಳು. ಟ್ರಸ್ಟಿನ ಆಡಳಿತ ಮಂಡಳಿ ಅದಕ್ಕೆ ಸಹಿ ಹಾಕಿತ್ತು. ಮೊದಲ ಸಹಿ ಅಧ್ಯಕ್ಷ ರಾಯ್ಸ್ ಹೌಗನ್‌ನದು.

ಕಳೆದ ವರ್ಷ ಜೂನ್ ಎರಡನೆಯ ಗುರುವಾರ ನಾವು ಹೋದಾಗ ಗೇಟು ಹಾರುಹೊಡೆದಿತ್ತು.

"ವೆರ್ನಾ, ಗೇಟ್ ಯಾರೇ ತೆಗೆದಿದ್ದು?" ಅಂದಳು ಆರ್ಡಿಸ್.

ನಾನು ಉತ್ತರ ಕೊಡುವ ಮೊದಲೇ ಕೊಯ್ದ ಹುಲ್ಲಿನ ಹಸಿ ವಾಸನೆ ಬಂತು. ದಿಣ್ಣೆ ಹತ್ತಿ ನೋಡಿದರೆ ಎಂಟು ಎಕರೆ ಬೋಳು. ತಲೆ ಬೋಳಿಸಿದ ಹಾಗೆ ನುಣ್ಣಗೆ. ಅದರ ಮೇಲೆ ಹೆಣ್ಣು ಹಕ್ಕಿಗಳು ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ಸುತ್ತುತ್ತಿದ್ದವು. ಇಳಿಯುತ್ತಿದ್ದವು, ಏಳುತ್ತಿದ್ದವು. ಹುಳವನ್ನು ಯಾರ ಬಾಯಿಗೆ ಇಡಬೇಕೆಂದು ಅವಕ್ಕೆ ತಿಳಿಯುತ್ತಿರಲಿಲ್ಲ.

ಆರ್ಡಿಸ್ ಕೊಯ್ದ ಸಾಲಿನಲ್ಲಿ ಮಂಡಿಯೂರಿ ಹುಲ್ಲು ಸರಿಸಿದಳು. ಅಲ್ಲಿ ಸಿಕ್ಕಿದ್ದನ್ನು ನಾನು ವಿವರಿಸುವುದಿಲ್ಲ. ಗೂಡು ಮಾತ್ರ ಅರ್ಧ ಉಳಿದಿತ್ತು. ಅವಳು ಎದ್ದು, ಉಳಿದ ಹನ್ನೆರಡು ಎಕರೆಯ ಅಂಚಿನಲ್ಲಿ ನಿಂತಿದ್ದ ಟ್ರಸ್ಟಿನ ಟ್ರ್ಯಾಕ್ಟರಿನ ಕಡೆ ನಡೆದಳು. ಅದರ ಮೇಲೆ ಡುವೇನ್ ಸೊಬೊಟ್ಕ ಕಾಫಿ ಕುಡಿಯುತ್ತ ಕೂತಿದ್ದ. ಕೂಲಿಗೆ ಹುಲ್ಲು ಕೊಯ್ಯುವವನು, ನಲವತ್ತರ ಗಂಡಸು. ಚಿಕ್ಕವನಿದ್ದಾಗ ಆರ್ಡಿಸ್‌ಳ ಬಸ್ಸಿನಲ್ಲೇ ಶಾಲೆಗೆ ಹೋದವನು.

"ಡುವೇನ್, ಕೆಳಗಿಳಿ."

"ಮಿಸೆಸ್ ಟಾಲೆಫ್‌ಸನ್, ನಂಗೆ ಹೇಳಿದ್ ಕೆಲ್ಸ ನಾನ್ ಮಾಡ್ತಿದೀನಿ ಅಷ್ಟೆ."

"ಯಾರು ಹೇಳಿದ್ದು?"

"ಆಫೀಸಿಂದ. ಶನಿವಾರ ಮದ್ವೆಯಂತೆ. ಹೌಗನ್ ಮಗಳ್ದು. ಇಲ್ಲಿ ಡೇರೆ, ಆ ಕಡೆ ಕಾರು ನಿಲ್ಸೋಕೆ."

ಅಧ್ಯಕ್ಷನ ಮಗಳ ಮದುವೆ! ನನಗೆ ಕಿವಿಯಲ್ಲಿ ಕಾದ ಸೀಸ ಸುರಿದ ಹಾಗಾಯಿತು. ಬೇಲಿ ಕಾಯಬೇಕಾದವನೇ ಹೊಲ ಮೇಯಿಸಿದ್ದ.

ಅಷ್ಟರಲ್ಲಿ ಟ್ರಸ್ಟಿನ ನಿರ್ದೇಶಕ ಕೋಲ್ಬಿ ರೆನ್ನರ್ ಕಾರಿನಿಂದಿಳಿದು ಬಂದ. ಅವನು ಈ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಬೂಟಿಗೆ ಮಣ್ಣು ಮೆತ್ತಿದ್ದನ್ನು ನಾವು ಯಾರೂ ನೋಡಿರಲಿಲ್ಲ.

"ಎಲ್ರಿಗೂ ನಮಸ್ಕಾರ. ಇವತ್ತು ಕೆಲ್ಸ ಇಲ್ಲ ಅಂತ ಮೆಸೇಜ್ ಹಾಕ್ಬೇಕಿತ್ತು, ಮರ್ತೆ. ಸಾರಿ."

"ಹುಲ್ಲಲ್ಲಿ ಗೂಡಿದ್ವು, ಕೋಲ್ಬಿ," ಅಂದಳು ಆರ್ಡಿಸ್.

"ಹುಲ್ಲು ಮತ್ತೆ ಬೆಳೆಯುತ್ತೆ, ಆರ್ಡಿಸ್. ಹಕ್ಕಿಗಳು ಇನ್ನೊಂದ್ ಗೂಡು ಕಟ್ಕೊಳ್ತವೆ."

"ನಿನ್ ಮನೆಗೆ ಬುಲ್ಡೋಜರ್ ಹಾಯ್ಸಿ, ಇನ್ನೊಂದ್ ಕಟ್ಕೊಳಪ್ಪಾ ಅಂದ್ರೆ ಹೇಗಿರುತ್ತೆ? ಮಕ್ಳು ಒಳಗೆ ಮಲಗಿರುವಾಗ?"

ಅವನ ಮುಖ ಕೆಂಪೇರಿತು. "ನೋಡಿ, ನೀವು ಸ್ವಯಂಸೇವಕರು. ನಿಮ್ ಸಹಾಯಕ್ಕೆ ನಾವು ಋಣಿ. ಆದ್ರೆ ಜಾಗ ಹೇಗೆ ಬಳಸ್ಬೇಕು ಅಂತ ತೀರ್ಮಾನ ಮಾಡೋದು ಮಂಡಳಿ, ನೀವಲ್ಲ. ಇಷ್ಟ ಇದ್ರೆ ಬನ್ನಿ, ಇಲ್ದಿದ್ರೆ ಬಲವಂತ ಇಲ್ಲ."

ಒಂಬತ್ತು ವರ್ಷದ ಬೆವರಿಗೆ 'ಇಷ್ಟ ಇದ್ರೆ ಬನ್ನಿ'! ನನ್ನ ಕೈಯಲ್ಲಿ ಗುದ್ದಲಿ ಇತ್ತು. ಅದನ್ನು ನೆಲದ ಮೇಲಿಟ್ಟೆ. ಕೈಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದಲ್ಲ ಅನ್ನಿಸಿತು.

ಆರ್ಡಿಸ್ ಬಕೆಟ್ ತಂದು, ಟ್ರ್ಯಾಕ್ಟರಿನ ಮೂತಿಯ ಮುಂದೆ ಬೋರಲು ಹಾಕಿ ಕೂತಳು. ನಾವು ಉಳಿದವರು ಅವಳ ಎರಡೂ ಪಕ್ಕ, ಉದ್ದ ಹುಲ್ಲಿನ ಅಂಚಿಗೆ ಸಾಲಾಗಿ ನಿಂತೆವು.

"ಡುವೇನ್, ಸುತ್ತಿ ಬಳಸಿ ಆ ಕಡೆಯಿಂದ ಶುರು ಮಾಡು," ಅಂದ ಕೋಲ್ಬಿ.

ಡುವೇನ್ ತುಂಬ ಹೊತ್ತು ಆರ್ಡಿಸ್‌ಳ ಬೆನ್ನನ್ನೇ ನೋಡಿದ. ಆಮೇಲೆ ಕೆಳಗಿಳಿದು ಕೀಲಿಯನ್ನು ಕೋಲ್ಬಿಯ ಕೈಗಿಟ್ಟ.

"ತಗೊಳ್ಳಿ ಸಾರ್, ನೀವೇ ಓಡ್ಸಿ. ಇಲ್ಲಿ ಗೂಡಿದೆ ಅಂತ ನಂಗ್ಯಾರೂ ಹೇಳಿರ್ಲಿಲ್ಲ. ಈಗ ಗೊತ್ತಾಯ್ತಲ್ಲ, ನನ್ ಕೈಲಾಗಲ್ಲ."

ಟ್ರ್ಯಾಕ್ಟರಿನ ಯಾವ ಗುಂಡಿ ಯಾವುದಕ್ಕೆಂದೂ ಕೋಲ್ಬಿಗೆ ಗೊತ್ತಿರಲಿಲ್ಲ. ಕೀಲಿಯನ್ನು ಜೇಬಿಗೆ ಹಾಕಿಕೊಂಡು ಫೋನು ಕಿವಿಗಿಟ್ಟುಕೊಂಡು ಹೋದ. ಹನ್ನೆರಡು ಎಕರೆ ಉಳಿಯಿತು.

ಮದುವೆ ಮಾತ್ರ ನಡೆಯಿತು, ಆ ಎಂಟು ಎಕರೆಯ ಮೇಲೇ. ಡೇರೆ, ದೀಪದ ಸರ, ವಾದ್ಯ. ನಮ್ಮಲ್ಲಿ ಕೆಲವರು ಗೇಟಿನ ಮುಂದೆ ಫಲಕ ಹಿಡಿದು ನಿಲ್ಲೋಣ ಅಂದರು. ಆರ್ಡಿಸ್ ಒಪ್ಪಲಿಲ್ಲ. "ಆ ಹುಡುಗಿ ಏನ್ ಮಾಡಿದ್ಲು? ಅವಳ ದಿನ ಕೆಡಿಸ್ಬೇಡಿ. ಅವರಪ್ಪನ್ನ ಆಮೇಲೆ ನೋಡ್ಕೊಳ್ಳೋಣ."

ಸೋಮವಾರ ಅವಳಿಗೆ ಕಾಗದ ಬಂತು. ಕನ್ನಡಕ ಹುಡುಕಲು ಪುರಸೊತ್ತಿಲ್ಲದೆ ನನ್ನ ಕೈಲಿ ಓದಿಸಿದಳು. 'ಯಂತ್ರದ ಮುಂದೆ ಕುಳಿತು ಸುರಕ್ಷತಾ ನಿಯಮ ಉಲ್ಲಂಘಿಸಿದ್ದರಿಂದ ಇನ್ನು ಮುಂದೆ ತಮ್ಮ ಸೇವೆಯ ಅಗತ್ಯವಿಲ್ಲ. ಗೇಟಿನ ಬೀಗದ ಕೈ ಹಿಂತಿರುಗಿಸುವುದು.' ನಿಯಮ ಮುರಿದವನು ಮಗಳ ಜೊತೆ ಕುಣಿದ. ನಿಯಮ ಬರೆದವಳಿಗೆ ಬಾಗಿಲು ತೋರಿಸಿದರು.

"ಮುಗೀತಾ?" ಅಂದಳು ಆರ್ಡಿಸ್. "ಸರಿ, ಕೀ ಕೊಟ್ಬಿಡೋಣ. ಟ್ರಸ್ಟಿನ ಸದಸ್ಯತ್ವ, ಸಭೇಲಿ ಓಟು, ಅದನ್ನ ಕಿತ್ಕೊಂಡಿಲ್ವಲ್ಲ?"

ಅದನ್ನು ಅವರು ಮರೆತಿದ್ದರು. ಆ ಬೇಸಿಗೆಯೆಲ್ಲ ನಾನು ನನ್ನ ಹಳೆಯ ಅಂಚೆ ದಾರಿಯನ್ನೇ ಹಿಡಿದೆ. ಮನೆಮನೆಯ ಬಾಗಿಲು ತಟ್ಟಿ, ಸೆಪ್ಟೆಂಬರಿನ ವಾರ್ಷಿಕ ಸಭೆಗೆ ಬನ್ನಿ ಅಂತ ಸದಸ್ಯರಿಗೆ ಹೇಳಿದೆ. ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಯಾವಾಗಲೂ ಹತ್ತು ಜನ ಸೇರುವ ಸಭೆಗೆ ಆ ಸಲ ಕುರ್ಚಿ ಸಾಲಲಿಲ್ಲ.

ರಾಯ್ಸ್ ಹೌಗನ್ ಎದ್ದು, "ನಮ್ಮ ಸ್ವಯಂಸೇವಕರೇ ಈ ಸಂಸ್ಥೆಯ ಬೆನ್ನೆಲುಬು," ಅಂತ ಶುರು ಮಾಡಿದ.

ಆರ್ಡಿಸ್ ಎದ್ದು ನಿಂತಳು. "ರಾಯ್ಸ್, ಒಂದೇ ಪ್ರಶ್ನೆ. ಜೂನಲ್ಲಿ ಹುಲ್ಲು ಕೊಯ್ಯೋಕೆ ಮಂಡಳಿ ಯಾವತ್ತು ತೀರ್ಮಾನ ಮಾಡ್ತು?"

"ಅದು... ಚಿಕ್ಕ ವಿಷ್ಯ. ಅಷ್ಟಕ್ಕೆಲ್ಲ ಸಭೆ ಕರೀಬೇಕಾ?"

ಮಂಡಳಿಯ ಕಾರ್ಯದರ್ಶಿ, ಮೆದು ಮಾತಿನ ಮುದುಕಿ ಇನೆಜ್, ನಡಾವಳಿ ಪುಸ್ತಕದಿಂದ ತಲೆಯೆತ್ತಿ ಹೇಳಿದಳು: "ಯಾವತ್ತೂ ಮಾಡಿಲ್ಲ, ಆರ್ಡಿಸ್. ನಮ್ಮನ್ನ ಕೇಳ್ಲೇ ಇಲ್ಲ."

ಸಭೆಯಲ್ಲಿ ಗದ್ದಲವೆದ್ದಿತು. ಕೋಲ್ಬಿ ತನ್ನ ಬೂಟನ್ನೇ ನೋಡುತ್ತ, ಅಧ್ಯಕ್ಷರು ಫೋನಿನಲ್ಲಿ ಹೇಳಿದ್ದನ್ನು ತಾನು ಮಾಡಿದೆ ಎಂದು ಒಪ್ಪಿಕೊಂಡ. ಕೈಯೆತ್ತಿಸಿ ಎಣಿಸಿದಾಗ ರಾಯ್ಸ್‌ನನ್ನು ಇಳಿಸಬೇಕೆಂದವರು ಅರವತ್ತೆರಡು, ಬೇಡವೆಂದವರು ಹತ್ತೊಂಬತ್ತು. ಆರ್ಡಿಸ್‌ಳ ಹೆಸರು ಮತ್ತೆ ಪಟ್ಟಿಗೆ ಸೇರಿತು. ಕ್ಷಮಾಪಣೆಯ ಕಾಗದವೂ ಬಂತು. ಅದರಲ್ಲಿ ಅವಳ ಹೆಸರಿನ ಅಕ್ಷರ ತಪ್ಪಿತ್ತು.

ಗೆದ್ದಿರಲ್ಲ ಅಂತ ಜನ ಹೇಳುತ್ತಾರೆ. ಈ ವರ್ಷ ಮೇ ತಿಂಗಳಲ್ಲಿ ಉದ್ದ ಹುಲ್ಲಿನ ಕಡೆ ಐದು ಜೋಡಿ ಬಂದವು. ಆ ಎಂಟು ಎಕರೆಗೆ ಒಂದೂ ಇಳಿಯಲಿಲ್ಲ. ಕಾರು ನಿಂತು ಗಟ್ಟಿಯಾದ ನೆಲದಲ್ಲಿ ಪಾರ್ಸ್‌ನಿಪ್ ಮತ್ತೆ ತಲೆಯೆತ್ತಿದೆ. ನಾವು ಮತ್ತೆ ಬುಡದಿಂದ ಕೀಳುತ್ತಿದ್ದೇವೆ.

ಹೋದ ವಾರ ದಿನಸಿ ಅಂಗಡಿಯಲ್ಲಿ ರಾಯ್ಸ್ ಸಿಕ್ಕಿದ. ಮೊಟ್ಟೆಯ ಕಪಾಟಿನ ಮುಂದೆ ನಿಂತು ನಕ್ಕ.

"ಇನ್ನೂ ಕೋಪಾನಾ ವೆರ್ನಾ? ವರ್ಷ ಆಯ್ತಲ್ಲ."

"ಹೂಂ, ಇನ್ನೂ ಕೋಪಾನೇ," ಅಂದೆ. ಅವನು ಇನ್ನೇನೋ ಹೇಳುವವನಿದ್ದ. ನಾನು ಕೈಗಾಡಿ ತಳ್ಳಿಕೊಂಡು ಮುಂದೆ ಹೋದೆ. ಮೊಟ್ಟೆ ಬೇಕಿತ್ತು, ಆದರೆ ಅವನು ಅಲ್ಲಿಂದ ಹೋಗುವವರೆಗೆ ಆ ಕಡೆ ಹೋಗಲಿಲ್ಲ.